ಸ್ಲೋ ಕುಕ್ಕರ್‌ನಲ್ಲಿ ಮಾಡಿದ ಮೊಟ್ಟೆ ಕ್ಯಾಸರೋಲ್ ತಳದಲ್ಲಿ ನೀರು ಬಿಡುವುದು ಯಾಕೆ?

ಸ್ಲೋ ಕುಕ್ಕರ್ ಅಂದರೆ ಸಣ್ಣ ಬಿಸಿಯಲ್ಲಿ ನಿಧಾನಕ್ಕೆ ಬೇಯಿಸುವ ಕರೆಂಟಿನ ಪಾತ್ರೆ; ಮೊಟ್ಟೆ ಕ್ಯಾಸರೋಲ್ ಅಂದರೆ ಮೊಟ್ಟೆ, ಹಾಲು, ಸೊಪ್ಪು ಬೆರೆಸಿ ಬೇಯಿಸಿದ ತಿನಿಸು. ಮೊಟ್ಟೆ ಜಾಸ್ತಿ ಬೆಂದದ್ದೇ ನೀರು ಬಿಡಲು ಮುಖ್ಯ ಕಾರಣ. ಬಿಸಿಗೆ ಮೊಟ್ಟೆಯ ಪ್ರೋಟೀನ್ ಎಳೆಗಳು ಹೆಣೆದುಕೊಂಡು ಬಲೆಯಂತಾಗುತ್ತವೆ. ಬೆರೆಸಿದ ಹಾಲು ಆ ಬಲೆಯೊಳಗೆ ನಿಲ್ಲುತ್ತದೆ. ಬಿಸಿ ಮುಂದುವರಿದರೆ ಬಲೆ ಬಿಗಿಯಾಗಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರು ಹೊರಬರುತ್ತದೆ. ಅಂಚು ಗಟ್ಟಿಯಾಗಿ, ನಡು ತುಸು ಅಲುಗಾಡುವಾಗಲೇ ಕುಕ್ಕರ್ ಆರಿಸಿ. ಥರ್ಮಾಮೀಟರ್ ಇದ್ದರೆ ನಡುವಿನಲ್ಲಿ 71 ಡಿಗ್ರಿ ಸೆಲ್ಸಿಯಸ್ ಬಂದರೆ ಸಾಕು.

ಸ್ಲೋ ಕುಕ್ಕರ್‌ನಲ್ಲಿ ಆವಿಯೂ ಹೊರಗೆ ಹೋಗುವುದಿಲ್ಲ, ಮುಚ್ಚಳದಿಂದ ಹನಿಹನಿಯಾಗಿ ಕೆಳಗೇ ಬೀಳುತ್ತದೆ. ಮುಚ್ಚಳದ ಅಡಿಗೆ ಒಣ ಬೈರಾಸು ಹಾಕಿ, ತುದಿಗಳನ್ನು ಮೇಲೆ ಕಟ್ಟಿ.

ಕಾಸರಗೋಡಿನ ನಮ್ಮ ಮನೆಯಲ್ಲಿ ಇದಕ್ಕೆ ಕೆಂಪು ಹರಿವೆ ಹಾಕುತ್ತೇವೆ. ಒಮ್ಮೆ ಹಸಿಯಾಗಿ ಸುಮ್ನೆ ಸುರಿದೆ, ತಳದಲ್ಲಿ ಕೆಂಪು ನೀರು ನಿಂತಿತು. ಸೊಪ್ಪಿನಲ್ಲೂ ನೀರಿದೆ ಅಲ್ವಾ? ಈಗ ತೆಂಗಿನೆಣ್ಣೆಯಲ್ಲಿ ನೀರುಳ್ಳಿ ಜೊತೆ ಬಾಡಿಸಿ, ಪಸೆ ಆರಿದ ಮೇಲೆಯೇ ಬೆರೆಸುತ್ತೇನೆ.