ಟೆಕ್ನಾಲಜಿಯಲ್ಲಿ, ವ್ಯಾಪಾರದಲ್ಲಿ ನೀವು ಕಂಡ ಅತಿ ಜಾಣ ಉಪಾಯ ಯಾವುದು? ಅಂಥದ್ದು ಹೊಳೆಯಬೇಕಾದರೆ ಬೆಂಗಳೂರಲ್ಲೇ ಇರಬೇಕಾ?

ನೀವು ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೀರಿ, ಊರಲ್ಲೇ ಉಳಿಯಬೇಕೋ ಬೆಂಗಳೂರಿಗೆ ಹೋಗಬೇಕೋ ಅಂತ ಯೋಚನೆ ಮಾಡುತ್ತಿದ್ದೀರಿ ಅಂತಲೂ ಬರೆದಿದ್ದೀರಿ. ನಾನು ದಾವಣಗೆರೆಯಲ್ಲಿ ತೂಕದ ಯಂತ್ರ, ಬಿಲ್ಲಿಂಗ್ ಮಷಿನ್ ಮಾರುತ್ತೇನೆ, ರಿಪೇರಿಯೂ ಮಾಡುತ್ತೇನೆ. ಕಿರಾಣಿ ಅಂಗಡಿ, ಹೋಟೆಲ್, ಎಪಿಎಂಸಿ ದಲ್ಲಾಳಿ ಅಂಗಡಿ, ಮಂಡಕ್ಕಿ ಭಟ್ಟಿ, ಎಲ್ಲ ಕಡೆ ಗಲ್ಲಾ ಪೆಟ್ಟಿಗೆಯ ಹಿಂದೆ ನಿಂತು ನೋಡುವ ಕೆಲಸ ಇದು. ಹಾಗಾಗಿ ನನ್ನ ಉತ್ತರ ಅಂಗಡಿಯ ಒಳಗಿನಿಂದ ಬರುತ್ತದೆ.

ನಾನು ಕಂಡದ್ದರಲ್ಲಿ ಅತಿ ಜಾಣ ಉಪಾಯ ಅಂದರೆ ಅಂಗಡಿ ಮುಂದೆ ಅಂಟಿಸಿರುವ ಆ ಕ್ಯೂಆರ್ ಚೀಟಿ. ಎಲ್ಲರೂ ದಿನಾ ನೋಡುವುದರಿಂದ ಅದರಲ್ಲಿ ಏನು ವಿಶೇಷ ಅನಿಸಬಹುದು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಕಾರ್ಡ್ ಉಜ್ಜುವ ಮಷಿನ್ ಇತ್ತು. ಅದನ್ನು ಅಂಗಡಿಯವರು ತರಿಸಬೇಕು. ಬಾಡಿಗೆ ಕಟ್ಟಬೇಕು, ಪ್ರತಿ ವ್ಯಾಪಾರಕ್ಕೂ ಕಮಿಷನ್ ಕೊಡಬೇಕು, ಚಾರ್ಜ್ ಇಡಬೇಕು, ಪೇಪರ್ ರೋಲ್ ಬದಲಿಸಬೇಕು. ತಳ್ಳುಗಾಡಿಯವರು, ಸೊಪ್ಪು ಮಾರುವವರು ಆ ಕಡೆ ತಿರುಗಿಯೂ ನೋಡಲಿಲ್ಲ. 2016ರಲ್ಲಿ ನಮ್ಮಲ್ಲಿ ಯುಪಿಐ ಬಂತು. ಆಮೇಲೆ ಲೆಕ್ಕವೇ ತಿರುಗಿತು. ಮಷಿನ್ ಅಂಗಡಿಯಲ್ಲೇ ಯಾಕಿರಬೇಕು? ಗಿರಾಕಿಯ ಜೇಬಿನಲ್ಲಿ ಆಗಲೇ ಕ್ಯಾಮೆರಾ ಇದೆ, ಪರದೆ ಇದೆ, ಇಂಟರ್ನೆಟ್ ಇದೆ. ಅಂಗಡಿ ಕಡೆಯಿಂದ ಬೇಕಾದದ್ದು ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವ ವಿಳಾಸ ಮಾತ್ರ. ಅದನ್ನು ಕಾಗದದ ಮೇಲೆ ಅಚ್ಚು ಹಾಕಿ ಅಂಟಿಸಿದರೆ ಮುಗಿಯಿತು. ಕರೆಂಟು ಬೇಡ, ಕೆಟ್ಟುಹೋಗುವ ಭಾಗವೇ ಇಲ್ಲ. ಚೀನಾದಲ್ಲಿ ಇದು ಇನ್ನೂ ಮುಂಚೆ ನಡೆದಿತ್ತು. ಆದರೆ ನಮ್ಮಲ್ಲಿ ಯಾವ ಬ್ಯಾಂಕಿನ ಖಾತೆಯಿಂದಲಾದರೂ, ಯಾವ ಆಪ್‌ನಿಂದಲಾದರೂ ಅದೇ ಚೀಟಿಗೆ ದುಡ್ಡು ಹಾಕಬಹುದು. ಅದು ದೊಡ್ಡ ವಿಷಯ.

ಆ ಚೀಟಿಯ ಮೇಲಿನ ಚಿತ್ರದ ಕಥೆ ಇನ್ನೂ ಚೆನ್ನಾಗಿದೆ. 1994ರಲ್ಲಿ ಜಪಾನಿನಲ್ಲಿ ಟೊಯೊಟಾ ಬಳಗದ ಡೆನ್ಸೋ ಕಂಪನಿಯ ಮಸಾಹಿರೊ ಹರಾ ಮತ್ತು ಅವರ ತಂಡ ಇದನ್ನು ಮಾಡಿತು. ಬಾರ್‌ಕೋಡ್‌ನಲ್ಲಿ ಸುಮಾರು 20 ಅಕ್ಷರ ಮಾತ್ರ ಹಿಡಿಯುತ್ತಿತ್ತು. ಕಾರಿನ ಬಿಡಿಭಾಗದ ಒಂದೊಂದು ಪೆಟ್ಟಿಗೆಗೂ ಹಲವು ಬಾರ್‌ಕೋಡ್ ಅಂಟಿಸಿ, ಒಂದೊಂದನ್ನೇ ಓದಿಸಬೇಕಿತ್ತು. ಕೆಲಸಗಾರರಿಗೆ ಸಾಕಾಗಿಹೋಗಿತ್ತು. ಗೆರೆಯ ಬದಲು ಚೌಕದಲ್ಲಿ ಬರೆದರೆ ಜಾಸ್ತಿ ಹಿಡಿಯುತ್ತದೆ ಅನ್ನುವುದು ಅವರಿಗೆ ಹೊಳೆಯಿತು. ಈಗ ಅದರಲ್ಲಿ 7,089 ಅಂಕಿ ತನಕ ತುಂಬಬಹುದು. ಕಷ್ಟ ಇದ್ದದ್ದು ಬೇರೆ ಕಡೆ. ಕಾಗದದ ತುಂಬ ಅಕ್ಷರ, ಚಿತ್ರ, ಗೆರೆ ಇರುವಾಗ ಕೋಡ್ ಎಲ್ಲಿದೆ ಅಂತ ಯಂತ್ರಕ್ಕೆ ಗೊತ್ತಾಗುವುದು ಹೇಗೆ? ಅದಕ್ಕೇ ಮೂರು ಮೂಲೆಯಲ್ಲಿ ಆ ಚೌಕಗಳು. ಚೌಕದ ನಡುವೆ ಯಾವ ದಿಕ್ಕಿನಿಂದ ಗೆರೆ ಎಳೆದರೂ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು ಪಟ್ಟಿಗಳು 1:1:3:1:1 ಅಳತೆಯಲ್ಲೇ ಸಿಗುತ್ತವೆ. ಈ ಅಳತೆ ಸುಮ್ನೆ ಆರಿಸಿದ್ದಲ್ಲ. ಕರಪತ್ರ, ಪತ್ರಿಕೆ, ರಟ್ಟಿನ ಡಬ್ಬಿಗಳ ಮೇಲಿನ ಅಚ್ಚನ್ನೆಲ್ಲ ಅಳೆದು ನೋಡಿ, ಯಾವ ಅಳತೆ ಎಲ್ಲಕ್ಕಿಂತ ಕಡಿಮೆ ಕಾಣಿಸುತ್ತದೋ ಅದನ್ನು ಹಿಡಿದರು. ಬೇರೆ ಯಾವುದರ ಜೊತೆಗೂ ಗೊಂದಲ ಆಗಬಾರದು ಅಂತ. ಎಂಥ ತಾಳ್ಮೆ ನೋಡಿ!

ಕಾರ್ಖಾನೆಯಲ್ಲಿ ಗ್ರೀಸು, ಎಣ್ಣೆ ಮೆತ್ತಿಕೊಳ್ಳುವುದು ಸಹಜ. ಅದಕ್ಕಾಗಿ ಅದೇ ಮಾಹಿತಿಯನ್ನು ಸರಿಪಡಿಸಿಕೊಳ್ಳಲು ಬೇಕಾದ ಹೆಚ್ಚುವರಿ ಲೆಕ್ಕವನ್ನೂ ಕೋಡ್ ಒಳಗೇ ಸೇರಿಸಿದರು. ಅತಿ ಗಟ್ಟಿ ಮಟ್ಟದಲ್ಲಿ ಮಾಡಿದ ಕೋಡ್ ಶೇ 30ರಷ್ಟು ಹಾಳಾದರೂ ಓದಲು ಬರುತ್ತದೆ. ಜಪಾನಿನ ಗ್ರೀಸು ಕೈಗೆ ಅಂತ ಮಾಡಿದ್ದು ನಮ್ಮೂರ ಬೆಣ್ಣೆ ದೋಸೆ ಹೋಟೆಲಿನ ಬೆಣ್ಣೆ ಕೈಗೂ ಸರಿಹೋಗಿದೆ. ಕಂಪನಿ ಪೇಟೆಂಟ್ ಇಟ್ಟುಕೊಂಡಿತು, ಆದರೆ ನಿಯಮದ ಪ್ರಕಾರ ಬಳಸುವವರ ಹತ್ತಿರ ಹಣ ಕೇಳುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟಿತು. ಹಾಗೆ ಹೇಳಿರದಿದ್ದರೆ ಇದು ಪಾನಿಪೂರಿ ಗಾಡಿ ತನಕ ಬರುತ್ತಿರಲಿಲ್ಲ.

ಈ ಚೀಟಿಯಲ್ಲಿ ಒಂದು ಕೊರತೆ ಉಳಿದಿತ್ತು. ದುಡ್ಡು ಬಂತೋ ಇಲ್ಲವೋ ಅಂತ ಅಂಗಡಿಯವರಿಗೆ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಹೋಟೆಲಿನಲ್ಲಿ ಜನ ತುಂಬಿರುವಾಗ ಪ್ರತಿಯೊಬ್ಬರ ಮೊಬೈಲ್ ಪರದೆ ನೋಡುತ್ತಾ ಕೂರಲು ಆಗುತ್ತದಾ? ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರೂ ಇದ್ದರು. ಆಗ ಬಂದದ್ದು ಮಾತಾಡುವ ಡಬ್ಬಿ, ಸೌಂಡ್‌ಬಾಕ್ಸ್. ಒಳಗೆ ಒಂದು ಸಿಮ್, ಒಂದು ಸ್ಪೀಕರ್, ಬ್ಯಾಟರಿ, ಅಷ್ಟೇ. ಇಷ್ಟು ರೂಪಾಯಿ ಬಂದಿದೆ ಅಂತ ಕನ್ನಡದಲ್ಲೇ ಹೇಳುತ್ತದೆ. ದೋಸೆ ಹಾಕುವವರು ಹೆಂಚಿನಿಂದ ಕಣ್ಣು ತೆಗೆಯಬೇಕಾಗಿಲ್ಲ, ಕೈ ಒರೆಸಿಕೊಳ್ಳಬೇಕಾಗಿಲ್ಲ. ಓದಲು ಬಾರದ ಅಜ್ಜಿಯೂ ಗಲ್ಲಾದಲ್ಲಿ ಕೂರಬಹುದು. ಇನ್ನೂ ಒಂದಿದೆ. ಅದು ಜೋರಾಗಿ ಹೇಳುವುದರಿಂದ ಅಲ್ಲಿ ನಿಂತವರೆಲ್ಲ ಸಾಕ್ಷಿ. ಕೊಟ್ಟೆ, ಕೊಟ್ಟಿಲ್ಲ ಅನ್ನುವ ಜಗಳವೇ ಇಲ್ಲ. ಡಬ್ಬಿ ಕೊಟ್ಟ ಕಂಪನಿಗೂ ಲಾಭ ಇದೆ. ತಿಂಗಳ ಬಾಡಿಗೆ ಬರುತ್ತದೆ, ಜೊತೆಗೆ ಆ ಅಂಗಡಿಯ ವ್ಯಾಪಾರ ಎಷ್ಟು ಅಂತ ಕಾಣುತ್ತದೆ, ಅದನ್ನು ನೋಡಿ ಸಾಲ ಕೊಡಿಸುತ್ತಾರೆ. ಸಾಲದ ವಿಷಯದಲ್ಲಿ ನನಗೆ ಅಷ್ಟು ಸಮಾಧಾನ ಇಲ್ಲ. ಸುಲಭವಾಗಿ ಸಿಗುತ್ತದೆ ಅಂತ ತೆಗೆದುಕೊಂಡು ದಿನದ ವ್ಯಾಪಾರದಿಂದ ಕಂತು ಕಡಿತವಾಗುವಾಗ ಒದ್ದಾಡುವವರನ್ನು ನೋಡುತ್ತಿದ್ದೇನೆ. ಡಬ್ಬಿ ಮಾತ್ರ ಬಹಳ ಒಳ್ಳೆಯ ಯೋಚನೆ.

ಇವನ್ನೆಲ್ಲ ನೋಡಿ ನನಗೆ ಅನಿಸಿದ್ದು ಇಷ್ಟು. ಜಾಣ ಉಪಾಯ ಹೊಸ ಸಾಮಾನು ತಂದು ಸುರಿಯುವುದಿಲ್ಲ. ಆಗಲೇ ಅಲ್ಲಿ ಇರುವುದರಿಂದ, ಆಗಲೇ ನಡೆಯುತ್ತಿರುವುದರಿಂದ ಇನ್ನೊಂದು ಕೆಲಸ ಮಾಡಿಸಿಕೊಳ್ಳುತ್ತದೆ.

ಇದನ್ನು ನೋಡಬೇಕಾದರೆ ಚಿತ್ರದುರ್ಗದ ಕೋಟೆಗೆ ಹೋಗಿ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಆಮೇಲೆ ಊರೊಳಗಿನ ಸಂತೆ ಹೊಂಡ. ರಾಟೆ ಇಲ್ಲ, ಏತ ಇಲ್ಲ. ಮಳೆ ನೀರು ಹೇಗೂ ಕೆಳಗೆ ಹರಿಯುತ್ತದೆ, ಹರಿಯುವ ದಾರಿಯಲ್ಲಿ ಅದನ್ನು ನಿಲ್ಲಿಸುತ್ತಾ ಹೋದರು. ಮೇಲಿನ ಹೊಂಡದಲ್ಲಿ ಮಣ್ಣು ತಳಕ್ಕೆ ಕೂತು ಕೆಳಗಿನದಕ್ಕೆ ತಿಳಿಯಾದ ನೀರು ಹೋಗುತ್ತದೆ ಅನ್ನುವ ಲಾಭ ಬೇರೆ. ನಮ್ಮ ಚನ್ನಗಿರಿ ಹತ್ತಿರದ ಸೂಳೆಕೆರೆ, ಅಂದರೆ ಶಾಂತಿಸಾಗರವನ್ನೂ ನೋಡಿ. ಅಷ್ಟು ದೊಡ್ಡ ಕೆರೆಗೆ ಏರಿ ಇರುವುದು ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ಮಾತ್ರ. ಉಳಿದ ಗೋಡೆಯೆಲ್ಲ ಗುಡ್ಡವೇ. ಹಿರಿಯೂರಿನ ಮಾರಿಕಣಿವೆಯಲ್ಲಿ 1907ರ ಹೊತ್ತಿಗೆ ವೇದಾವತಿಗೆ ಅಣೆಕಟ್ಟು ಕಟ್ಟಿದಾಗಲೂ ಅದೇ ಯೋಚನೆ ನಡೆಯಿತು.

ಕಂಪ್ಯೂಟರಿನಲ್ಲೂ ಇದೇ ಕಾಣುತ್ತದೆ. ವೆಬ್‌ಸೈಟಿನಲ್ಲಿ ನೀವು ಮನುಷ್ಯರಾ ಅಂತ ಕೇಳಿ ವಕ್ರವಾದ ಅಕ್ಷರ ಟೈಪ್ ಮಾಡಿಸುತ್ತಿದ್ದರಲ್ಲ, ಅದಕ್ಕೆ ಒಬ್ಬೊಬ್ಬರಿಗೆ ಸುಮಾರು 10 ಸೆಕೆಂಡ್ ಹಿಡಿಯುತ್ತಿತ್ತು. ಇಷ್ಟು ಜನರ ಇಷ್ಟು ಹೊತ್ತು ವ್ಯರ್ಥ ಆಗುತ್ತಿದೆಯಲ್ಲಾ ಅಂತ ಲೂಯಿಸ್ ವಾನ್ ಆನ್ ಅನ್ನುವವರಿಗೆ ಕೊರಗು. 2007ರಲ್ಲಿ ಅವರ ತಂಡ ರೀಕ್ಯಾಪ್ಚಾ ಮಾಡಿತು. ಎರಡು ಪದ ತೋರಿಸುವುದು. ಒಂದರ ಉತ್ತರ ಯಂತ್ರಕ್ಕೆ ಗೊತ್ತು. ಇನ್ನೊಂದು ಹಳೆಯ ಪುಸ್ತಕದ್ದೋ ಪತ್ರಿಕೆಯದ್ದೋ ಪದ, ಸ್ಕ್ಯಾನ್ ಮಾಡಿದಾಗ ಯಂತ್ರ ಓದಲಾರದೆ ಬಿಟ್ಟದ್ದು. ಗೊತ್ತಿರುವುದನ್ನು ಸರಿಯಾಗಿ ಬರೆದರೆ ನೀವು ಮನುಷ್ಯರು. ಗೊತ್ತಿಲ್ಲದ್ದಕ್ಕೆ ಬೇರೆ ಬೇರೆಯವರು ಒಂದೇ ಉತ್ತರ ಕೊಟ್ಟರೆ ಅದೇ ಸರಿ. ಹೀಗೆ ನ್ಯೂಯಾರ್ಕ್ ಟೈಮ್ಸ್‌ನ ಹಳೆಯ ಸಂಚಿಕೆಗಳು ಅಕ್ಷರಕ್ಕೆ ಇಳಿದವು. 2009ರಲ್ಲಿ ಗೂಗಲ್ ಅದನ್ನು ಕೊಂಡಿತು.

ಹಳ್ಳಿ ಕಡೆಯ ಒಂದು ಉಪಾಯ ಹೇಳಲೇಬೇಕು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಬರುತ್ತದೆ. ಮೋಟರ್ ಹಾಕಲು ಕತ್ತಲಲ್ಲಿ ತೋಟಕ್ಕೆ ನಡೆಯಬೇಕು. ಹಾವು, ಚೇಳು, ನಮ್ಮ ಗುಡ್ಡದ ಸೀಮೆಯಲ್ಲಿ ಕರಡಿ ಬೇರೆ. ಈಗ ಸ್ಟಾರ್ಟರ್ ಡಬ್ಬಿಯೊಳಗೆ ಸಿಮ್ ಹಾಕಿರುವ ಯಂತ್ರ ಬಂದಿದೆ. ಮನೆಯಿಂದ ಫೋನ್ ಮಾಡಿದರೆ ಮೋಟರ್ ಓಡುತ್ತದೆ. ಕರೆಂಟು ಇದೆಯಾ ಇಲ್ಲವಾ ಅಂತಲೂ ತಿಳಿಸುತ್ತದೆ. ಪುಣೆಯ ಸಂತೋಷ್ ಓಸ್ತವಾಲ್ ಅವರು ಮಾಡಿದ ನ್ಯಾನೋ ಗಣೇಶ್ ಇಂಥದ್ದರಲ್ಲಿ ಹೆಸರು ಮಾಡಿತು. ಮಿಸ್ಡ್ ಕಾಲ್‌ನಿಂದಲೇ ನಡೆಯುವವೂ ಇವೆ. ಕಾಲ್ ಎತ್ತುವುದೇ ಇಲ್ಲ, ಹಾಗಾಗಿ ದುಡ್ಡಿಲ್ಲ. ರಿಂಗೇ ಆಜ್ಞೆ.

ಇದಕ್ಕಿಂತ ಅಗ್ಗದ್ದು ಆಟೋ ಸ್ಟಾರ್ಟರ್. ಕರೆಂಟು ಬಂದ ತಕ್ಷಣ ಮೋಟರ್ ತಾನೇ ಶುರುವಾಗುತ್ತದೆ. ಒಬ್ಬರಿಗೆ ಅದು ಬಹಳ ಅನುಕೂಲ. ಒಂದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಮೇಲಿರುವ ಎಲ್ಲರೂ ಅದನ್ನೇ ಹಾಕಿಕೊಂಡರೆ ಎಲ್ಲ ಮೋಟರ್ ಒಟ್ಟಿಗೇ ಏಳುತ್ತವೆ. ಶುರುವಾಗುವ ಕ್ಷಣದಲ್ಲಿ ಮೋಟರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ವೋಲ್ಟೇಜ್ ಬೀಳುತ್ತದೆ, ಕೆಲವೊಮ್ಮೆ ಟಿಸಿಯೇ ಸುಟ್ಟುಹೋಗುತ್ತದೆ. ಇದಕ್ಕೂ ಸರಳ ದಾರಿ ಇದೆ. ಸ್ಟಾರ್ಟರಿಗೆ ಒಂದು ಟೈಮರ್ ಹಾಕಿ, ಒಬ್ಬೊಬ್ಬರು ಒಂದೊಂದು ನಿಮಿಷ ತಡ ಇಟ್ಟುಕೊಂಡರೆ ಸಾಕು. ಬೇಕಾದ ಸಾಮಾನು ಅಂಗಡಿಯಲ್ಲಿ ಸಿಗುತ್ತದೆ. ಅಕ್ಕಪಕ್ಕದ ಹೊಲದವರು ಕೂತು ಮಾತಾಡಿಕೊಳ್ಳುವುದೇ ಕಷ್ಟ. ಉಪಾಯ ಯೋಚಿಸುವಾಗ ಒಬ್ಬರು ಬಳಸಿದರೆ ಏನು, ಊರೇ ಬಳಸಿದರೆ ಏನು ಅಂತ ಎರಡೂ ನೋಡಬೇಕು ಅಂತ ನಾನು ಹುಡುಗರಿಗೆ ಹೇಳುವುದು ಇದಕ್ಕೇ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಶಾಂಪೂ ಸ್ಯಾಷೆ ವ್ಯಾಪಾರ ಬೆಳೆದದ್ದು ತಮಿಳುನಾಡಿನ ಕಡಲೂರಿನಿಂದ. ದೊಡ್ಡ ನಗರವಲ್ಲ. ಅಲ್ಲಿಯ ಸಿ.ಕೆ. ರಂಗನಾಥನ್ 1983ರಲ್ಲಿ 15,000 ರೂಪಾಯಿ ಹಾಕಿ ಚಿಕ್ ಶಾಂಪೂ ಶುರು ಮಾಡಿದರು. ಸ್ಯಾಷೆಯ ಯೋಚನೆ ಅವರ ತಂದೆ ಚಿನ್ನಿಕೃಷ್ಣನ್ ಅವರದ್ದು. ಬಾಟಲಿ ಕೊಳ್ಳಲಾಗದವರು ಒಂದು ಸ್ನಾನಕ್ಕೆ ಬೇಕಾದಷ್ಟು ಕೊಳ್ಳಬಹುದು. ಇದು ಎಲ್ಲರಿಗೂ ಗೊತ್ತಿರುವ ಭಾಗ. ನನಗೆ ಹಿಡಿಸಿದ್ದು ಮಗ ಮಾಡಿದ ಇನ್ನೊಂದು ಕೆಲಸ. ಯಾವ ಕಂಪನಿಯದ್ದಾದರೂ ಸರಿ, ಐದು ಖಾಲಿ ಸ್ಯಾಷೆ ತನ್ನಿ, ಒಂದು ಚಿಕ್ ಬಿಟ್ಟಿ ಒಯ್ಯಿರಿ ಅಂದರು. ಶಾಂಪೂ ಬಳಸುವವರು ಯಾರು ಅಂತ ಮನೆ ಮನೆ ಹುಡುಕುವುದೇ ಬೇಡ. ಅವರೇ ಖಾಲಿ ಸ್ಯಾಷೆ ಹಿಡಿದು ಬರುತ್ತಾರೆ. ಸ್ವಲ್ಪ ದಿನದ ಮೇಲೆ, ಚಿಕ್ ಸ್ಯಾಷೆ ತಂದರೆ ಮಾತ್ರ ಅಂತ ಬದಲಿಸಿದರು. ಇವತ್ತು ಅದೇ ಸ್ಯಾಷೆಗಳು ನಮ್ಮ ಚರಂಡಿಯಲ್ಲಿ ಕಟ್ಟಿಕೊಂಡಿವೆ, ಅದಕ್ಕೆ ಯಾರೂ ಇನ್ನೂ ಒಳ್ಳೆಯ ದಾರಿ ಕಂಡುಕೊಂಡಿಲ್ಲ.

ನಮ್ಮ ಮಂಡಕ್ಕಿ ಭಟ್ಟಿಗಳಲ್ಲಿ ಮರಳಿನಿಂದ ಆಗುವ ಕೆಲಸ ನೋಡಿದ್ದೀರಾ? ಬರೀ ಬಾಣಲೆಯಲ್ಲಿ ಹುರಿದರೆ ತಳಕ್ಕೆ ತಾಗಿದ ಅಕ್ಕಿ ಸೀದುಹೋಗುತ್ತದೆ, ಮೇಲಿನದು ಹಸಿ ಉಳಿಯುತ್ತದೆ. ಕಾದ ಮರಳಿನಲ್ಲಿ ಪ್ರತಿ ಕಾಳಿಗೂ ಸುತ್ತಲಿಂದ ಒಂದೇ ಶಾಖ. ಕೆಲವೇ ಸೆಕೆಂಡಿನಲ್ಲಿ ಅರಳುತ್ತದೆ. ಜರಡಿಗೆ ಹಾಕಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಅದೇ ಮರಳು ಮತ್ತೆ ಒಲೆಗೆ. ಎಣ್ಣೆಯ ಖರ್ಚಿಲ್ಲ. ಇದನ್ನು ಯಾರು ಕಂಡುಹಿಡಿದರೋ, ಅವರಿಗೆ ಪೇಟೆಂಟ್ ಆಫೀಸಿನ ಬಾಗಿಲೂ ಗೊತ್ತಿರಲಿಲ್ಲ.

ಹಾಗಾಗಿ ಬೆಂಗಳೂರು ಕಡ್ಡಾಯ ಅಲ್ಲ. ಬೆಂಗಳೂರಿಗೆ ಹೋದರೆ ಬಂಡವಾಳ, ಜೊತೆಗಾರರು ಬೇಗ ಸಿಗುತ್ತಾರೆ, ಅದು ನಿಜ. ಊರಲ್ಲಿ ಉಳಿದರೆ ಕಷ್ಟ ಎಲ್ಲಿದೆ ಅನ್ನುವುದು ಹತ್ತಿರದಿಂದ ಕಾಣುತ್ತದೆ. ನಿಮಗೆ ಒಂದು ಕಷ್ಟವನ್ನು ತೋರಿಸುತ್ತೇನೆ. ಅಕ್ಟೋಬರ್, ನವೆಂಬರಿನಲ್ಲಿ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಮೆಕ್ಕೆಜೋಳ ಹರಡಿರುತ್ತಾರೆ. ಒಣಗಿಸಲು ಬೇರೆ ಜಾಗ ಇಲ್ಲ, ಡಾಂಬರು ಬಿಸಿಯಾಗಿರುತ್ತದೆ. ಅದೂ ಒಂದು ಉಪಾಯವೇ, ಆದರೆ ರಾತ್ರಿ ಬೈಕಿನವರು ಬೀಳುತ್ತಾರೆ, ಹಿಂಗಾರು ಮಳೆ ಬಂದರೆ ಜೋಳ ಮೊಳಕೆ ಒಡೆಯುತ್ತದೆ. ಬೆಂಬಲ ಬೆಲೆಗೆ ತೇವ ಶೇ 14 ದಾಟಬಾರದು. ವ್ಯಾಪಾರಿಗಳೂ ಮೀಟರ್ ಇಟ್ಟು ನೋಡಿಯೇ ರೇಟು ಕಟ್ಟುತ್ತಾರೆ. ಮೀಟರಿನ ಅಂಕಿ ನೋಡಿ ರೈತರ ಮುಖ ಸಪ್ಪಗಾಗುವುದನ್ನು ನಾನು ಎಪಿಎಂಸಿಯಲ್ಲಿ ಪ್ರತಿ ಸುಗ್ಗಿಯಲ್ಲೂ ನೋಡುತ್ತೇನೆ.

ಕಾಳು ಬಿಡಿಸಿದ ಮೇಲೆ ಬೆಂಡು ರಾಶಿ ರಾಶಿ ಉಳಿಯುತ್ತದೆ. ಚೆನ್ನಾಗಿ ಉರಿಯುತ್ತದೆ. ಬೆಂಡಿನ ಬೆಂಕಿಯಿಂದಲೇ ಆ ಜೋಳವನ್ನು ಒಣಗಿಸುವ ಡ್ರೈಯರ್‌ಗಳು ದೊಡ್ಡ ಗಾತ್ರದಲ್ಲಿ ಇವೆ. ಒಕ್ಕುವ ಯಂತ್ರದ ಹಿಂದೆಯೇ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಬರುವಂಥದ್ದು, ಬಾಡಿಗೆಗೆ ಸಿಗುವಂಥದ್ದು, ಹೊಗೆ ಕಾಳಿಗೆ ತಾಗದಂಥದ್ದು ನಮ್ಮ ಸಣ್ಣ ರೈತರಿಗೆ ಬೇಕು. ಶಾಖ ಎಷ್ಟಿರಬೇಕು, ಗಾಳಿ ಎಷ್ಟು ಬೀಸಬೇಕು ಅನ್ನುವ ಲೆಕ್ಕ ನಿಮ್ಮ ಓದಿನಲ್ಲೇ ಬರುತ್ತದೆ. ಕೊನೇ ವರ್ಷದ ಪ್ರಾಜೆಕ್ಟಿಗೆ ಇದನ್ನೇ ತೆಗೆದುಕೊಳ್ಳಿ. ತೇವದ ಮೀಟರ್ ಬೇಕಾದರೆ ನನ್ನ ಅಂಗಡಿಯದ್ದನ್ನೇ ಕೊಡುತ್ತೇನೆ, ಜೋಳ ಕೊಡುವ ರೈತರನ್ನೂ ಪರಿಚಯ ಮಾಡಿಸುತ್ತೇನೆ. ಕೆಳಗೆ ಕಾಮೆಂಟ್ ಹಾಕಿ.