ಚಿನಾರ್ ಕೆಂಪು ಫೋಟೊದಲ್ಲಿ ಯಾಕೆ ಸಿಗಲಿಲ್ಲ?

ಪ್ರಶ್ನೆ: ಮೇಡಂ, ಹೋದ ವರ್ಷ ನವೆಂಬರ್ ಮೊದಲ ವಾರ ಮನೆಯವರ ಜೊತೆ ಶ್ರೀನಗರಕ್ಕೆ ಹೋಗಿದ್ದೆ. ನಿಶಾತ್ ಬಾಗ್‌ನ ಉದ್ಯಾನದಲ್ಲಿ ಎಲೆ ಉದುರುವ ಮುಂಚೆ ಕೆಂಪಾಗುವ ಚಿನಾರ್ ಮರಗಳು ಕಣ್ಣಿಗೆ ಬೆಂಕಿ ಹತ್ತಿದ ಹಾಗೆ ಕಂಡವು. ಊರಿಗೆ ಬಂದು ನೋಡಿದರೆ ಕೆಲವು ಫೋಟೊಗಳಲ್ಲಿ ಮಂಕು ಕಂದು, ಉಳಿದವುಗಳಲ್ಲಿ ಎಲೆಯೇ ಗುರುತು ಸಿಗದ ಕೆಂಪು ಮುದ್ದೆ. ನನ್ನದು 18–55 ಲೆನ್ಸ್. ಈ ಸಲ ಮತ್ತೆ ಹೋಗುತ್ತಿದ್ದೇವೆ, ಹೊಸ ಲೆನ್ಸ್ ತಗೊಳ್ಳಲೇ?
– ಓದುಗರು, ಹಾಸನ

ಉತ್ತರ: ಲೆನ್ಸ್ ಬೇಡ, ದುಡ್ಡು ಉಳಿಸಿ. ನಿಲ್ಲುವ ಜಾಗ ಮತ್ತು ಹೊತ್ತು ಬದಲಿಸಿದರೆ ಸಾಕು.

ನಿಶಾತ್ ಇರುವುದು ದಾಲ್ ಸರೋವರದ ಪೂರ್ವ ದಂಡೆಯಲ್ಲಿ, ಜಬರ್ವಾನ್ ಬೆಟ್ಟದ ಬುಡದಲ್ಲಿ. ಬೆಟ್ಟ ಅಡ್ಡವಿರುವುದರಿಂದ ಬೆಳಗಿನ ಎಳೆಬಿಸಿಲು ಅಲ್ಲಿಗೆ ತಡವಾಗಿ ಬರುತ್ತದೆ. ಸಂಜೆ ಬಿಸಿಲಾದರೆ ಸರೋವರದ ಮೇಲಿಂದ ಓರೆಯಾಗಿ ಒಳಗೆ ನುಗ್ಗುತ್ತದೆ. ಹಜರತ್‌ಬಲ್ ದರ್ಗಾ ಪಕ್ಕದ ಚಿನಾರ್ ತೋಪು ನಸೀಮ್ ಬಾಗ್ ಇರುವುದು ಸರೋವರದ ಆಚೆ ದಂಡೆಯಲ್ಲಿ. ಈಗ ಅದು ಕಾಶ್ಮೀರ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಬೆಳಿಗ್ಗೆ ಅಲ್ಲಿಗೆ ಹೋಗಿ, ನಾಲ್ಕರ ಮೇಲೆ ನಿಶಾತ್‌ಗೆ ಬನ್ನಿ. ಆ ವಾರ ಐದೂವರೆಯ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ, ಅಷ್ಟರೊಳಗೆ ಕೆಲಸ ಮುಗಿಯಬೇಕು.

ಹೋದಮೇಲೆ ಬಿಸಿಲಿಗೆ ಬೆನ್ನು ಹಾಕಿ ನಿಲ್ಲಬೇಡಿ. ಉದುರಿದ ಒಂದು ಎಲೆ ಎತ್ತಿ ಸೂರ್ಯನ ಕಡೆ ಹಿಡಿದು ನೋಡಿ. ಅಂಗೈಯಷ್ಟು ಅಗಲ, ಬೆರಳು ಬಿಡಿಸಿದ ಹಾಗೆ ಸೀಳು. ಅಂಚಿನಲ್ಲಿ ತಾಮ್ರದ ಬಣ್ಣ ಏರಿದ್ದರೂ ನರಗಳ ಪಕ್ಕದಲ್ಲಿ ಹಸಿರು ಇನ್ನೂ ಉಳಿದಿರುತ್ತದೆ. ಅದನ್ನೇ ತಿರುಗಿಸಿ ಬಿಸಿಲನ್ನು ಮೇಲಿಂದ ಬೀಳಿಸಿ, ಬರೀ ಒಣಗಿದ ಎಲೆ! ನಿಮ್ಮ ಕಂದು ಫೋಟೊಗಳ ಕಥೆ ಬಹುಪಾಲು ಇಷ್ಟೇ. ಮರದ ಕೆಳಗೆ ಹೋಗಿ, ಸೂರ್ಯನನ್ನು ಕಾಂಡದ ಹಿಂದೆ ಮರೆಮಾಡಿ, ಕೊಂಬೆಗಳನ್ನು ಮೇಲ್ಮುಖವಾಗಿ ತೆಗೆಯಿರಿ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಕ್ಯಾಮೆರಾ ಮಾಡುವ ತಿದ್ದುಪಡಿ) ಆಟೋದಲ್ಲಿ ಬಿಡಬೇಡಿ, ಸಂಜೆಯ ಹೊಂಬಣ್ಣವನ್ನು ಕ್ಯಾಮೆರಾ ತಪ್ಪೆಂದು ತಿಳಿದು ತಿದ್ದಿಬಿಡುತ್ತದೆ. ಡೇಲೈಟ್‌ನಲ್ಲಿ ಇಡಿ.

ಕೆಂಪು ಮುದ್ದೆಯ ಕಾರಣ ಬೇರೆ. ಕ್ಯಾಮೆರಾ ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಬಿಸಿಲು ಬಿದ್ದ ಚಿನಾರ್‌ನಲ್ಲಿ ಕೆಂಪೊಂದೇ ಮೊದಲು ತುಂಬಿ ತುಳುಕುತ್ತದೆ, ನರ, ಮಡಿಕೆ ಎಲ್ಲ ಅದರಲ್ಲೇ ಅಳಿಸಿಹೋಗುತ್ತವೆ. ನಾನು ಮೊದಲ ಸಲ ಹೋದಾಗ ಬಣ್ಣ ಗಾಢ ಮಾಡುವ ‘ವಿವಿಡ್’ ಮೋಡ್ ಹಾಕಿ ಒಂದು ಇಡೀ ಬೆಳಗಿನ ಫೋಟೊ ಕಳೆದುಕೊಂಡೆ, ಆ ಸಂಕಟ ಇವತ್ತಿಗೂ ಇದೆ. ವಿವಿಡ್ ಬೇಡವೇ ಬೇಡ. ಎಕ್ಸ್‌ಪೋಶರ್ (ಫೋಟೊಗೆ ಬೀಳುವ ಬೆಳಕು) ಮೂರನೇ ಎರಡು ಸ್ಟಾಪ್, ಅಂದರೆ ಕ್ಯಾಮೆರಾದಲ್ಲಿ −0.7ರಷ್ಟು ಇಳಿಸಿ, ಮೂರು ಬಣ್ಣದ ಬೆಳಕು ಎಷ್ಟೆಂದು ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಮ್‌ನಲ್ಲಿ ಕೆಂಪು ಗೆರೆ ಬಲಗೋಡೆಗೆ ಒತ್ತಿಕೊಂಡಿಲ್ಲ ಎಂದು ನೋಡಿಕೊಳ್ಳಿ. ಕ್ಯಾಮೆರಾ ತಿದ್ದದೆ ಬಿಟ್ಟ ಮೂಲ ಫೈಲ್, ಅಂದರೆ ರಾ ಫೈಲ್ ಇಟ್ಟುಕೊಂಡರೆ ಇನ್ನೂ ನಿಶ್ಚಿಂತೆ.

ಏನಾದರೂ ಕೊಳ್ಳಲೇಬೇಕೆಂದರೆ ಪೋಲರೈಸರ್ ಫಿಲ್ಟರ್ ಕೊಳ್ಳಿ. ಮಳೆ ನಿಂತ ಮೇಲೆ ಒದ್ದೆ ಎಲೆಯ ಬಿಳಿ ಹೊಳಪನ್ನು ಅದು ತೆಗೆದುಹಾಕುತ್ತದೆ, ಅಡಿಯ ಬಣ್ಣ ಮೇಲೆ ಬರುತ್ತದೆ. ಮೋಡ ಕವಿದ ದಿನವೂ ಒಳ್ಳೆಯದೇ, ಬಿಳಿ ಆಕಾಶ ಮಾತ್ರ ಚೌಕಟ್ಟಿನೊಳಗೆ ಬರಬಾರದು.

ಇನ್ನೊಂದು ಮಾತು. ಆ ದಿನಗಳಲ್ಲಿ ಅಲ್ಲಿನವರು ಉದುರಿದ ಎಲೆ ಗುಡಿಸಿ, ಗುಡ್ಡೆ ಹಾಕಿ, ನಿಧಾನವಾಗಿ ಸುಟ್ಟು ಇದ್ದಿಲು ಮಾಡಿಕೊಳ್ಳುತ್ತಾರೆ. ಚಳಿಗಾಲದಲ್ಲಿ ಮೈ ಕಾಯಿಸಿಕೊಳ್ಳುವ ಕೆಂಡದ ಬುಟ್ಟಿ ಕಾಂಗ್ಡಿಗೆ ಅದೇ ಕೆಂಡ. ಆ ಹೊಗೆಯೊಳಗೆ ಬಿಸಿಲು ಕೋಲುಕೋಲಾಗಿ ಇಳಿಯುವುದನ್ನು ದಯವಿಟ್ಟು ತಪ್ಪಿಸಿಕೊಳ್ಳಬೇಡಿ. ಗುಡಿಸುವವರು ಹೆಚ್ಚಾಗಿ ಹೆಂಗಸರು. ಕೇಳಿ, ಅವರು ಒಪ್ಪಿದರೆ ಮಾತ್ರ ಕ್ಯಾಮೆರಾ ಎತ್ತಿ.

ಪ್ರಶ್ನೆ: ಕಾಶ್ಮೀರಕ್ಕೆ ಹೋಗಲಾಗದವರು ಏನು ಮಾಡಬೇಕು? ನನ್ನ ಹತ್ತಿರ ಮೊಬೈಲ್ ಮಾತ್ರ ಇದೆ.
– ಓದುಗರು, ಮಂಗಳೂರು

ಉತ್ತರ: ನಿಮ್ಮ ರಸ್ತೆಯಲ್ಲೇ ಕಾಡುಬಾದಾಮಿ ಮರ ಇದ್ದೀತು, ನೋಡಿ. ಎಲೆ ಉದುರಿಸುವ ಮೊದಲು ಅದು ರಕ್ತಗೆಂಪಾಗುತ್ತದೆ. ಅಡಿಯಲ್ಲಿ ನಿಂತು ಮೇಲೆ ನೋಡಿ, ಬೆಳಗುತ್ತಿರುವ ಎಲೆಯ ಮೇಲೆ ಬೆರಳು ಒತ್ತಿಹಿಡಿದು ಫೋಕಸ್ ಲಾಕ್ ಮಾಡಿ, ತೆರೆಯ ಮೇಲೆ ಕಾಣುವ ಬೆಳಕಿನ ಗುರುತನ್ನು ಸ್ವಲ್ಪ ಕೆಳಗೆಳೆಯಿರಿ. ಜೂಮ್ ಬೇಡ, ಕೈಗೆಟುಕುವ ಕೊಂಬೆಯನ್ನೇ ಆರಿಸಿಕೊಳ್ಳಿ.