ಖಾಲಿ ಚೆಕ್‌ಗೆ ಸಹಿ ಹಾಕಿದ್ದೆ, ಈಗೇನು ಮಾಡಲಿ?

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ನನ್ನದು ಸಣ್ಣ ಹಾರ್ಡ್‌ವೇರ್ ಅಂಗಡಿ. ಪರಿಚಯದವರೊಬ್ಬರ ಹತ್ತಿರ 50,000 ರೂಪಾಯಿ ಕೈಸಾಲ ಪಡೆದಾಗ ಖಾಲಿ ಚೆಕ್‌ಗೆ ಸಹಿ ಹಾಕಿ ಕೊಟ್ಟಿದ್ದೆ. ಸಾಲ ತೀರಿಸಿದೆ, ಚೆಕ್ ವಾಪಸ್ ಕೇಳಲಿಲ್ಲ. ಈಗ ಅದರಲ್ಲಿ 4 ಲಕ್ಷ ಬರೆದು ಬ್ಯಾಂಕಿಗೆ ಹಾಕಿ, ಬೌನ್ಸ್ ಆಯಿತೆಂದು ನೋಟಿಸ್ ಕಳಿಸಿದ್ದಾರೆ. ಸಾಲ ಕೊಟ್ಟಿದ್ದನ್ನು ಅವರೇ ಸಾಬೀತು ಮಾಡಬೇಕು, ಅಲ್ವಾ ಮೇಡಂ?

ಉತ್ತರ: ಇಲ್ಲಿ ಲೆಕ್ಕ ಸ್ವಲ್ಪ ಉಲ್ಟಾ. ಸಹಿ ನಿಮ್ಮದೇ ಎಂದಾದರೆ, ಚೆಕ್ ಸಾಲಕ್ಕೇ ಕೊಟ್ಟದ್ದೆಂದು ಕೋರ್ಟ್ ಮೊದಲು ನಂಬುತ್ತದೆ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 139ನೇ ಸೆಕ್ಷನ್ ಹೇಳುವುದೇ ಅದನ್ನು. 'ಮೊತ್ತ ಬರೆದದ್ದು ನಾನಲ್ಲ' ಎಂಬ ಒಂದೇ ವಾದ ಸಾಲದು.

ಹಾಗಂತ ಕೈಚೆಲ್ಲಬೇಡಿ. ನಿಮ್ಮ ಮಾತೇ ಹೆಚ್ಚು ನಂಬುವಂತಿದೆ ಎನ್ನಿಸಿದರೆ ಸಾಕು, ಸಾಲ ಸಾಬೀತು ಮಾಡುವ ಹೊರೆ ಅವರ ಮೇಲೆ ಬೀಳುತ್ತದೆ. ಪಾಟೀಸವಾಲಿನಲ್ಲಿ (ಎದುರು ಪಕ್ಷದವರನ್ನು ನಿಮ್ಮ ವಕೀಲರು ಪ್ರಶ್ನಿಸುವಾಗ) ಕೇಳಿಸಿ: 4 ಲಕ್ಷ ಎಲ್ಲಿಂದ ಬಂತು? 2019ರಲ್ಲಿ ಬಸಲಿಂಗಪ್ಪ ಪ್ರಕರಣದಲ್ಲಿ (ನಮ್ಮ ಕರ್ನಾಟಕದ್ದೇ) 6 ಲಕ್ಷ ಕೊಡುವ ಶಕ್ತಿ ಇತ್ತೆಂದು ದೂರುದಾರ ತೋರಿಸಲಾಗಲಿಲ್ಲ. ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿತು.

ಸಾಲ ತೀರಿಸಿದ್ದು ಖಾತೆ ಮೂಲಕವಾಗಿದ್ದರೆ ಸ್ಟೇಟ್‌ಮೆಂಟ್ ಇವತ್ತೇ ತೆಗೆಸಿ. ನೋಟಿಸ್ ಕೈಸೇರಿದ 15 ದಿನದೊಳಗೆ ವಕೀಲರಿಂದ ಉತ್ತರ ಕಳಿಸಿ. ಸುಮ್ನೆ ಕೂತರೆ, 'ಆಗಲೇ ಯಾಕೆ ಹೇಳಲಿಲ್ಲ?' ಎಂಬ ಪ್ರಶ್ನೆ ಕೋರ್ಟಿನಲ್ಲಿ ಬಂದೇ ಬರುತ್ತದೆ.